ಸ್ಯಾಂಟೊರಿನಿಯೇ ಅಟ್ಲಾಂಟಿಸಾ?

ಪ್ರಶ್ನೆ: ಮಗ, ಸೊಸೆ ಜರ್ಮನಿಯಲ್ಲಿದ್ದಾರೆ. ಈ ಬೇಸಿಗೆಯಲ್ಲಿ ಅವರ ಜೊತೆ ಗ್ರೀಸಿನ ಸ್ಯಾಂಟೊರಿನಿಗೆ ಹೋಗಿದ್ದೆವು. ದೋಣಿಯಲ್ಲಿದ್ದ ಗೈಡ್, ‘ಪ್ಲೇಟೊ ಬರೆದ ಅಟ್ಲಾಂಟಿಸ್ ಇದೇ, ಒಂದು ಹಗಲು ಒಂದು ರಾತ್ರಿಯಲ್ಲಿ ಮುಳುಗಿಹೋಯಿತು’ ಅಂದ. ಹೋಟೆಲಿನವನು ‘ಇದು ದೆವ್ವಗಳ ದ್ವೀಪ’ ಅಂದ. ಅಲ್ಲಿನ ಹಳೇ ಗೋಡೆಯೊಂದರ ಮೇಲೆ ನಮ್ಮ ಇಂಡಿಯಾದ ಕೋತಿ ಇದೆ ಅಂತ ಸೊಸೆ ಎಲ್ಲೋ ಓದಿದ್ದಾಳೆ. ಇದರಲ್ಲಿ ಯಾವುದನ್ನು ನಂಬಬೇಕು? ಟೈಮ್ ಸಾಲದೆ ಉತ್ಖನನದ ಜಾಗ ನೋಡಲಿಲ್ಲ. ನೋಡಬೇಕಿತ್ತಾ?
(ಓದುಗರೊಬ್ಬರು, ಧಾರವಾಡ)

ಉತ್ತರ:

ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೋಡಬೇಕಿತ್ತು. ಅಲ್ಲಿ ಜನ ಮುಗಿಬಿದ್ದು ನೋಡುವ ಸೂರ್ಯ ಎಲ್ಲಾ ಊರಲ್ಲೂ ಮುಳುಗುತ್ತಾನೆ, ನೀವು ಬಿಟ್ಟುಬಂದ ಉತ್ಖನನದ ಆ ಹಳೇ ಊರು ಆಕ್ರೋಟಿರಿ ಇರೋದು ಅಲ್ಲೊಂದೇ ಕಡೆ. ಇರಲಿ ಬಿಡಿ, ಮಗ ಅಲ್ಲೇ ಹತ್ತಿರ ಇದ್ದಾನಲ್ಲ, ಇನ್ನೊಮ್ಮೆ ಹೋದರಾಯಿತು.

ಉಳಿದ ಮೂರರಲ್ಲಿ ಗೈಡ್ ಹೇಳಿದ್ದು ಕಾಲು ಭಾಗ ನಿಜ. ಹೋಟೆಲಿನವನು ಹೇಳಿದ್ದು ಅವರ ಕಡೆಯ ಒಂದು ಹಳೇ ಗಾದೆಯ ಮಾತು. ನಿಮ್ಮ ಸೊಸೆ ಓದಿದ್ದೇ ಮೂರರಲ್ಲಿ ಗಟ್ಟಿ ವಿಷಯ, ಆದರೆ ಅದರ ಮೇಲೂ ಪಂಡಿತರ ಜಗಳ ಇದೆ.

ನೀವು ದೋಣಿಯಲ್ಲಿ ತೇಲಿದ ಜಾಗದಿಂದಲೇ ಶುರು ಮಾಡೋಣ. ನೋಡಲು ಸಮುದ್ರದ ಕೊಲ್ಲಿ ಇದ್ದ ಹಾಗಿದೆ. ಆದರೆ ನಿಮ್ಮ ದೋಣಿಯ ಕೆಳಗೆ ಇದ್ದದ್ದು ಕುಸಿದು ಬಿದ್ದ ಜ್ವಾಲಾಮುಖಿಯ ಹೊಟ್ಟೆ. ಉದ್ದ ಸುಮಾರು 11 ಕಿ.ಮೀ., ಅಗಲ 7 ಕಿ.ಮೀ., ಆಳ ಹೆಚ್ಚುಕಡಿಮೆ 400 ಮೀಟರ್. ಸುತ್ತಲೂ 300 ಮೀಟರ್ ಎತ್ತರದ ಕಡಿದಾದ ಬಂಡೆ. ಇಂಥ ಗುಂಡಿಗೆ ಭೂವಿಜ್ಞಾನದವರು ಕಾಲ್ಡೆರಾ ಅನ್ನುತ್ತಾರೆ. ಸ್ಪ್ಯಾನಿಷ್ ಕಡೆಯಿಂದ ಬಂದ ಮಾತು, ಅರ್ಥ ದೊಡ್ಡ ಹಂಡೆ. ಹಂಡೆಯ ಒಡೆದ ಅಂಚೇ ಇವತ್ತಿನ ದ್ವೀಪಗಳು. ದೊಡ್ಡದು ಥೀರಾ, ನೀವು ಉಳಿದುಕೊಂಡದ್ದು. ಎದುರಿಗಿರುವುದು ಥಿರಾಸಿಯಾ, ಚಿಕ್ಕದು ಆಸ್ಪ್ರೊನಿಸಿ. ನಡುವೆ ಕರ್ರಗೆ ಕಾಣುವ ಎರಡು ದಿಬ್ಬಗಳಿಗೆ ಪಾಲಿಯಾ ಕಮೇನಿ, ನೆಯಾ ಕಮೇನಿ ಅಂತ ಹೆಸರು. ಹಳೇ ಸುಟ್ಟದ್ದು, ಹೊಸಾ ಸುಟ್ಟದ್ದು ಅಂತ ಅರ್ಥ. ಅವು ಆಮೇಲೆ, ಜನ ನೋಡನೋಡುತ್ತಲೇ ಸಮುದ್ರದಿಂದ ಎದ್ದು ಬಂದವು.

ಆಫ್ರಿಕಾದ ಭೂಫಲಕ ಉತ್ತರಕ್ಕೆ ಸರಿಯುತ್ತಾ ಈಜಿಯನ್ ಸಮುದ್ರದ ಅಡಿಗೆ ನುಗ್ಗುತ್ತಿದೆ. ಹಾಗಾಗಿ ಅಲ್ಲಿ ಜ್ವಾಲಾಮುಖಿಗಳ ಒಂದು ಸಾಲೇ ಇದೆ. ಸ್ಯಾಂಟೊರಿನಿ ಕಳೆದ 3,60,000 ವರ್ಷಗಳಲ್ಲಿ 12 ಸಲ ಭಾರಿಯಾಗಿ ಸಿಡಿದಿದೆ. ಅವುಗಳಲ್ಲಿ ಕೊನೆಯದು ನಮ್ಮ ಕಥೆಗೆ ಬೇಕಾದದ್ದು, ಕ್ರಿ.ಪೂ. 1600ರ ಆಸುಪಾಸಿನದು.

ಅದು ಸಿಡಿದ ಬಗೆ ಹೇಳಬೇಕೆಂದರೆ ಗೋಲಿ ಸೋಡಾ ನೆನಪಿಸಿಕೊಳ್ಳಿ. ಒಳಗಿನ ಕರಗಿದ ಕಲ್ಲಿನಲ್ಲಿ ಅನಿಲ ತುಂಬಿತ್ತು. ಗೋಲಿ ಒತ್ತಿದ ತಕ್ಷಣ ಸೋಡಾ ನೊರೆನೊರೆಯಾಗಿ ಉಕ್ಕುತ್ತದಲ್ಲ, ಹಾಗೆ ಕಲ್ಲೇ ನೊರೆಯಾಗಿ ಚಿಮ್ಮಿತು. ಆರಿ ಗಟ್ಟಿಯಾದ ಆ ನೊರೆಯೇ ಪ್ಯೂಮಿಸ್. ಬಚ್ಚಲಲ್ಲಿ ಹಿಮ್ಮಡಿ ಉಜ್ಜುವ ಆ ಹಗುರ ಕಲ್ಲು ಇದೇ ಜಾತಿಯದು. ಹೊಗೆ, ಬೂದಿಯ ಕಂಬ ಸುಮಾರು 36 ಕಿ.ಮೀ. ಮೇಲಕ್ಕೆ ಹೋಯಿತು, ಎವರೆಸ್ಟಿನ ನಾಲ್ಕು ಪಟ್ಟು. ಆಮೇಲೆ ಸಮುದ್ರದ ನೀರು ಬಾಯಿಗೆ ನುಗ್ಗಿತು. ಬೆಂಕಿ, ನೀರು ಸೇರಿದ ಮೇಲೆ ಕೇಳಬೇಕೇ? ಬಿಸಿ ಬೂದಿ, ಕೆಸರು, ಕಲ್ಲು ನೆಲ ಸವರಿಕೊಂಡು ನಾಲ್ಕೂ ದಿಕ್ಕಿಗೆ ಹರಿದವು. ಒಳಗೆ ಖಾಲಿಯಾದ ಹಾಗೆಲ್ಲ ಮೇಲಿನ ನೆಲ ಕುಸಿಯಿತು. ಕೆಲವು ಕಡೆ 60 ಮೀಟರ್ ದಪ್ಪ ಬೂದಿ ಬಿತ್ತು. 20 ಅಂತಸ್ತಿನ ಕಟ್ಟಡ ಮುಚ್ಚುವಷ್ಟು!

ಈ ಬೂದಿಯ ಕೆಳಗೆ ಒಂದು ಊರಿದೆ ಅಂತ ಮೊದಲು ಸುಳಿವು ಸಿಕ್ಕಿದ್ದು ಸೂಯೆಜ್ ಕಾಲುವೆಯ ದೆಸೆಯಿಂದ. ಕಾಲುವೆ ಕಟ್ಟಿದ್ದು 1859ರಿಂದ 1869ರವರೆಗೆ. ಸ್ಯಾಂಟೊರಿನಿಯ ಬೂದಿಯನ್ನು ಸುಣ್ಣಕ್ಕೆ ಬೆರೆಸಿದರೆ ನೀರಿನಲ್ಲೂ ಗಟ್ಟಿಯಾಗಿ ನಿಲ್ಲುವ ಗಾರೆ ಆಗುತ್ತದೆ. ಹಡಗುಗಟ್ಟಲೆ ಬೂದಿ ಅಗೆದು ಒಯ್ದರು. ಅಗೆಯುವವರ ಗುದ್ದಲಿಗೆ ಬೂದಿಯ ತಳದಲ್ಲಿ ಕಲ್ಲಿನ ಗೋಡೆ ತಗುಲಿತು. 1866ರಲ್ಲಿ ಜ್ವಾಲಾಮುಖಿ ಮತ್ತೆ ಕೆರಳಿದಾಗ ಅದನ್ನು ನೋಡಲು ಬಂದ ಫ್ರಾನ್ಸಿನ ಭೂವಿಜ್ಞಾನಿ ಫರ್ಡಿನಾಂಡ್ ಫೂಕೆ ಆ ಗೋಡೆಗಳನ್ನೂ ನೋಡಿದ. ಬೂದಿಯ ಅಡಿಯಲ್ಲಿ ಮನೆಗಳಿವೆ, ಅಂದಮೇಲೆ ಜನ ಇಲ್ಲಿ ಬಾಳಿದ ಮೇಲೆಯೇ ಈ ಬೆಟ್ಟ ಸಿಡಿದಿದೆ ಅಂತ ಲೆಕ್ಕ ಹಾಕಿದ.

ಆಮೇಲೆ ಬಂದವರು ಗ್ರೀಸಿನವರೇ ಆದ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೋಸ್. ಅವರು 1930ರ ದಶಕದಲ್ಲಿ ಕ್ರೀಟ್ ದ್ವೀಪದ ಕಡಲತೀರದಲ್ಲಿ ಅಗೆಯುತ್ತಿದ್ದಾಗ ಹಳೇ ಮನೆಯೊಂದರಲ್ಲಿ ಪ್ಯೂಮಿಸ್ ಸಿಕ್ಕಿತು. ಭಾರಿ ಕಲ್ಲುಗಳು ಜಾಗ ಬಿಟ್ಟು ಕದಲಿದ್ದವು. ಕ್ರೀಟ್‌ನಲ್ಲಿ ಜ್ವಾಲಾಮುಖಿ ಇಲ್ಲ. ಉತ್ತರಕ್ಕೆ ನೂರು ಚಿಲ್ಲರೆ ಕಿ.ಮೀ. ದೂರದಲ್ಲಿ ಸ್ಯಾಂಟೊರಿನಿ ಇದೆ. ಕ್ರೀಟ್‌ನ ಮಿನೋವನ್ ನಾಗರಿಕತೆಯನ್ನು ಹಾಳು ಮಾಡಿದ್ದು ಈ ಸ್ಫೋಟವೇ ಅಂತ ಅವರು 1939ರಲ್ಲಿ ಬರೆದರು. ಅಷ್ಟರಲ್ಲಿ ಯುದ್ಧ ಬಂತು. ಅವರು ಆಕ್ರೋಟಿರಿಯಲ್ಲಿ ಗುದ್ದಲಿ ಹಾಕುವ ಹೊತ್ತಿಗೆ 1967. ಏಳು ವರ್ಷ ಅಗೆದರು, 1974ರಲ್ಲಿ ಅದೇ ಜಾಗದಲ್ಲಿ ಕೆಲಸದ ನಡುವೆ ಅಪಘಾತವಾಗಿ ತೀರಿಕೊಂಡರು. ಅವರ ನಂತರ ಕ್ರಿಸ್ಟೋಸ್ ಡೂಮಾಸ್ ದಶಕಗಳ ಕಾಲ ಕೆಲಸ ಮುಂದುವರಿಸಿದರು. ಇಷ್ಟಾದರೂ ಹೊರಬಂದಿರುವುದು ಊರಿನ ಒಂದು ಸಣ್ಣ ಭಾಗ ಮಾತ್ರ.

ಈಗ ಆ ಊರೊಳಗೆ ಹೋಗೋಣ.

ದೊಡ್ಡ ಚಾವಣಿಯ ಕೆಳಗೆ ಬೀದಿಗಳಿವೆ. ಎರಡು, ಮೂರು ಅಂತಸ್ತಿನ ಮನೆಗಳು. ಬೀದಿಯ ಚಪ್ಪಡಿಗಳ ಅಡಿಯಲ್ಲಿ ಚರಂಡಿ. ‘ಪಶ್ಚಿಮದ ಮನೆ’ ಅಂತ ಕರೆಯುವ ಮನೆಯ ಮಹಡಿಯ ಮೇಲೆ ಒಂದು ಪಾಯಿಖಾನೆ ಇದೆ. ಕೂರಲು ಎರಡು ಕಲ್ಲಿನ ಹಲಗೆ, ನಡುವೆ ಸಂದು. ಅಲ್ಲಿಂದ ಮಣ್ಣಿನ ಕೊಳವೆ ಗೋಡೆಯೊಳಗೇ ಇಳಿದು ಬೀದಿಯ ಚರಂಡಿಗೆ ಸೇರುತ್ತದೆ. 3,600 ವರ್ಷದ ಹಿಂದೆ, ಮಹಡಿಯ ಮೇಲೆ! ನಮ್ಮ ಹರಪ್ಪ, ಮೊಹೆಂಜೊದಾರೊದ ಚರಂಡಿಗಳು ಇದಕ್ಕಿಂತ ಹಳೆಯವು ಅಂತ ನೀವು ಹೇಳಬಹುದು, ಸರಿಯೇ. ಆದರೆ ಮಹಡಿಯ ಪಾಯಿಖಾನೆ ಗೋಡೆಯ ಸಮೇತ ಹೀಗೆ ಉಳಿದು ಸಿಗುವುದು ಅಪರೂಪ.

ಇನ್ನೊಂದು ಕಡೆ ಕಲ್ಲಿನ ಮೆಟ್ಟಿಲುಗಳಿವೆ. ಪ್ರತಿಯೊಂದು ಮೆಟ್ಟಿಲೂ ಸರಿಯಾಗಿ ನಡುವಿಗೆ ಮುರಿದಿದೆ, ಯಾರೋ ಮೇಲಿಂದ ಕೆಳಗೆ ಗೀರು ಹಾಕಿದ ಹಾಗೆ. ಅದು ಸ್ಫೋಟಕ್ಕೆ ಮುಂಚೆ ಬಂದ ಭೂಕಂಪದ ಗುರುತು. ನನಗೆ ಇಡೀ ಆಕ್ರೋಟಿರಿಯಲ್ಲಿ ಜಾಸ್ತಿ ಹಿಡಿಸುವುದು ಈ ಭೂಕಂಪ ಮತ್ತು ಸ್ಫೋಟದ ನಡುವಿನ ಕಾಲ. ಯಾಕೆಂದರೆ ಆ ನಡುವೆ ಜನ ವಾಪಸ್ ಬಂದಿದ್ದರು. ಬಿದ್ದ ಗೋಡೆಯ ಕಲ್ಲುಗಳನ್ನು ಆರಿಸಿ ಬೀದಿಯ ಬದಿಗೆ ರಾಶಿ ಹಾಕಿದ್ದರು. ಮನೆಯೊಳಗಿನ ಮಂಚಗಳನ್ನು ಹೊರಗೆ ತಂದು ಒಂದರ ಮೇಲೊಂದು ಪೇರಿಸಿದ್ದರು. ಮಂಚದ ಮರ ಎಂದೋ ಮಣ್ಣಾಯಿತು. ಆದರೆ ಬೂದಿಯಲ್ಲಿ ಅದರ ಆಕಾರದ ಟೊಳ್ಳು ಹಾಗೇ ಉಳಿದಿತ್ತು. ಅದಕ್ಕೆ ಪ್ಲಾಸ್ಟರ್ ಸುರಿದಾಗ ಮಂಚ ಮತ್ತೆ ಎದ್ದು ಬಂತು. ಕೆತ್ತನೆಯ ಕಾಲಿನ ಒಂದು ಪುಟ್ಟ ಮೇಜೂ ಹೀಗೇ ಸಿಕ್ಕಿದೆ.

ಪಶ್ಚಿಮದ ಮನೆಯ ಒಂದು ಕೋಣೆಯಲ್ಲಿ ಎರಡು ಪಾತ್ರೆ ಇದ್ದವು. ಒಂದರಲ್ಲಿ ಒಣಗಿದ ಗಾರೆ, ಇನ್ನೊಂದರಲ್ಲಿ ಒಣಗಿದ ಕೆಂಪು ಬಣ್ಣ. ಭೂಕಂಪದಲ್ಲಿ ಬಿರುಕು ಬಿಟ್ಟ ಮನೆಗೆ ಯಾರೋ ಹೊಸದಾಗಿ ಬಣ್ಣ ಬಳಿಯುತ್ತಿದ್ದರು. ಅರ್ಧಕ್ಕೆ ಬಿಟ್ಟು ಹೋದರು.

ಹೋದರು ಅಂತ ಯಾಕೆ ಹೇಳುತ್ತೇನೆ ಅಂದರೆ, ಅಗೆದ ಮನೆಗಳೊಳಗೆ ಸ್ಫೋಟಕ್ಕೆ ಸಿಕ್ಕಿ ಸತ್ತ ಒಬ್ಬನ ಅಸ್ಥಿಯೂ ಸಿಕ್ಕಿಲ್ಲ. ಇಟಲಿಯ ಪಾಂಪೆಯಲ್ಲಿ ಸತ್ತವರ ಆಕಾರಗಳೇ ಸಾಲುಸಾಲಾಗಿ ಸಿಕ್ಕವು, ಇಲ್ಲಿ ಮಂಚ ಸಿಕ್ಕಿತು, ಮಲಗುವವರು ಸಿಗಲಿಲ್ಲ. ಒಡವೆಯೂ ಇಲ್ಲ. ಬಂಗಾರ ಅಂತ ಸಿಕ್ಕ ದೊಡ್ಡ ವಸ್ತು ಒಂದೇ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಾಡುಮೇಕೆಯ ಗೊಂಬೆ. 1999ರಲ್ಲಿ ಪೆಟ್ಟಿಗೆಯೊಂದರಲ್ಲಿ ಸಿಕ್ಕಿತು. ದೊಡ್ಡ ಸ್ಫೋಟಕ್ಕೆ ಮೊದಲು ಬೆಟ್ಟ ಸ್ವಲ್ಪವೇ ಬೂದಿ ಉಗುಳಿತ್ತು. ಅದರ ತೆಳುವಾದ ಪದರ ಈಗಲೂ ಕಾಣುತ್ತದೆ. ಜನಕ್ಕೆ ಅಷ್ಟು ಸೂಚನೆ ಸಾಕಾಯಿತು. ಬೆಲೆ ಬಾಳುವುದನ್ನೆಲ್ಲ ಕಟ್ಟಿಕೊಂಡು ದೋಣಿ ಹತ್ತಿದರು. ಅವರೆಲ್ಲ ದಡ ಸೇರಿದರು ಅಂತ ನಾನು ಹೇಳಲಾರೆ. ಈ ಸ್ಫೋಟದ ಸುನಾಮಿ ಎದುರು ದಡಕ್ಕೂ ಹೋಗಿತ್ತು. ಟರ್ಕಿಯ ಚೆಷ್ಮೆ ಊರಿನಲ್ಲಿ ಸುನಾಮಿಯ ಅವಶೇಷದ ನಡುವೆ ಒಬ್ಬ ಯುವಕನ, ಒಂದು ನಾಯಿಯ ಅಸ್ಥಿ ಸಿಕ್ಕಿದ ವಿಷಯ ಇತ್ತೀಚೆಗಷ್ಟೇ ಪ್ರಕಟವಾಯಿತು.

ಈಗ ಕೋತಿಯ ವಿಷಯ. ಆಕ್ರೋಟಿರಿಯ ಗೋಡೆಗಳ ತುಂಬ ಚಿತ್ರ. ಕೆಂಪು ಲಿಲ್ಲಿ ಹೂಗಳ ಮೇಲೆ ಹಾರುವ ಕವಲುತೋಕೆ ಹಕ್ಕಿಗಳು, ಗುದ್ದಾಡುವ ಇಬ್ಬರು ಹುಡುಗರು, ಎರಡೂ ಕೈಲಿ ಮೀನಿನ ಗೊಂಚಲು ಹಿಡಿದ ಬೆಸ್ತರ ಹುಡುಗ, ಹಡಗುಗಳ ಮೆರವಣಿಗೆ, ಕೇಸರಿ ಹೂ ಬಿಡಿಸುವ ಹೆಣ್ಣುಮಕ್ಕಳು. ಒಂದು ಕೋಣೆಯ ಗೋಡೆಯಲ್ಲಿ ಮಾತ್ರ ಬಂಡೆ ಹತ್ತುವ ನೀಲಿ ಕೋತಿಗಳ ಹಿಂಡು ಇದೆ. ನೀಲಿ ಕೋತಿ ಎಲ್ಲೂ ಇಲ್ಲ, ಆಗಿನ ಚಿತ್ರಕಾರರು ಬೂದು ಬಣ್ಣಕ್ಕೆ ನೀಲಿ ಬಳಿಯುತ್ತಿದ್ದರು. ಗ್ರೀಸಿನ ಕಾಡಿನಲ್ಲಿ ಕೋತಿಯೇ ಇರಲಿಲ್ಲ. ಹಾಗಾಗಿ ಇವು ಈಜಿಪ್ಟಿನ ಮೂಲಕ ಬಂದ ಆಫ್ರಿಕಾದ ಕೋತಿಗಳು ಅಂತಲೇ ಬಹಳ ಕಾಲ ನಂಬಿದ್ದರು.

2020ರಲ್ಲಿ ಪುರಾತತ್ವದವರು, ಕೋತಿಗಳನ್ನೇ ಓದಿಕೊಂಡ ಪ್ರಾಣಿಶಾಸ್ತ್ರದವರು ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಇವು ಆಫ್ರಿಕಾದವಲ್ಲ, ಭಾರತ ಉಪಖಂಡದ ಲಂಗೂರ್ ಅಂತ. ಅಂದರೆ ನಮ್ಮ ಮುಸುವ, ನಿಮ್ಮ ಕಡೆ ಮುಶ್ಯಾ. ಅವರ ಮುಖ್ಯ ಸಾಕ್ಷಿ ಬಾಲ. ಚಿತ್ರದ ಕೋತಿಗಳು ಉದ್ದ ಬಾಲವನ್ನು ಮೇಲೆತ್ತಿ ಬಾಗಿಸಿ ಹಿಡಿದಿವೆ. ಕಾಲು, ಮೈಕಟ್ಟು, ನಡೆಯುವ ರೀತಿ ಕೂಡ ಮುಸುವನದೇ ಅಂತ ಅವರ ವಾದ. ಸಿಂಧೂ ಕಡೆಯಿಂದ ಮೆಸೊಪೊಟೇಮಿಯಾಕ್ಕೆ, ಅಲ್ಲಿಂದ ಮೆಡಿಟರೇನಿಯನ್‌ಗೆ ಸರಕು ಕೈಯಿಂದ ಕೈಗೆ ಹೋಗುತ್ತಿತ್ತು. ಸರಕಿನ ಜೊತೆ ಕೋತಿಯೋ, ಕೋತಿಯ ಚಿತ್ರವೋ ಹೋಗಿರಬಹುದು. ಇದನ್ನು ಒಪ್ಪದವರೂ ಇದ್ದಾರೆ. ಗೋಡೆಗೆ ಚಿತ್ರ ಬರೆಯುವವನು ಪ್ರಾಣಿಶಾಸ್ತ್ರದ ಪುಸ್ತಕ ಬರೆಯುತ್ತಿರಲಿಲ್ಲ, ಬಾಲ ಒಂದನ್ನೇ ಹಿಡಿದು ಜಾತಿ ಹೇಳಲು ಆಗುವುದಿಲ್ಲ ಅಂತ ಅವರ ಮಾತು. ನನಗೆ ಮಾತ್ರ ಬಾಲದ ಸಾಕ್ಷಿ ಸುಮ್ನೆ ತಳ್ಳಿಹಾಕುವಂಥದ್ದಲ್ಲ ಅನ್ನಿಸುತ್ತದೆ. ದಾಂಡೇಲಿ ದಾರಿಯಲ್ಲಿ ಮುಸುವಗಳನ್ನು ನೋಡಿ ಬೆಳೆದವರಿಗೆ ಆ ಬಾಲ ಹೊಸದಲ್ಲ.

ಸರಿ, ಇನ್ನು ಅಟ್ಲಾಂಟಿಸ್.

ಈ ಕಥೆಗೆ ಮೂಲ ಪ್ಲೇಟೊ ಒಬ್ಬನೇ. ಕ್ರಿ.ಪೂ. 360ರ ಸುಮಾರಿಗೆ ಬರೆದ ‘ಟಿಮೇಯಸ್’, ‘ಕ್ರಿಟಿಯಾಸ್’ ಎಂಬ ಎರಡು ಸಂವಾದಗಳಲ್ಲಿ ಅದು ಬರುತ್ತದೆ. ಪ್ಲೇಟೊಗಿಂತ ಇನ್ನೂರು ವರ್ಷ ಹಿಂದೆ ಅಥೆನ್ಸಿಗೆ ಕಾನೂನು ಬರೆದ ಸೋಲನ್ ಈಜಿಪ್ಟಿಗೆ ಹೋಗಿದ್ದಾಗ ಅಲ್ಲಿನ ಪೂಜಾರಿಗಳು ಹೇಳಿದರಂತೆ: ಸೋಲನ್‌ಗಿಂತ 9,000 ವರ್ಷ ಹಿಂದೆ, ಹೆರಾಕ್ಲಿಸ್‌ನ ಕಂಬಗಳ ಆಚೆ, ಅಂದರೆ ಜಿಬ್ರಾಲ್ಟರ್ ದಾಟಿ, ಒಂದು ದೊಡ್ಡ ದ್ವೀಪ ಇತ್ತು. ಆಗಿನ ಗ್ರೀಕರಿಗೆ ಗೊತ್ತಿದ್ದ ಲಿಬಿಯಾ, ಏಷ್ಯಾ ಎರಡೂ ಸೇರಿದರೂ ಅದಕ್ಕಿಂತ ಚಿಕ್ಕವು. ನಡುವೆ ರಾಜಧಾನಿ, ಸುತ್ತ ನೀರು, ನೆಲ, ನೀರು ಅಂತ ಬಳೆ ಬಳೆಯಾಗಿ ಕೋಟೆ. ಹತ್ತು ಜನ ರಾಜರು, ಗೂಳಿಯ ಬಲಿ, ಆನೆಗಳು. ಕೆಂಪು, ಕಪ್ಪು, ಬಿಳಿ ಕಲ್ಲಿನ ಕಟ್ಟಡ. ಸೊಕ್ಕು ಹೆಚ್ಚಿ ಅಥೆನ್ಸಿನ ಮೇಲೆ ದಂಡೆತ್ತಿ ಬಂದು ಸೋತರು. ಆಮೇಲೆ ಭೂಕಂಪ, ಪ್ರವಾಹ. ಒಂದು ಹಗಲು ಒಂದು ರಾತ್ರಿಯಲ್ಲಿ ದ್ವೀಪ ಮುಳುಗಿತು.

ಗೈಡ್ ಹೇಳಿದ್ದರಲ್ಲಿ ಕಾಲು ಭಾಗ ನಿಜ ಅಂದೆನಲ್ಲ, ಅದು ಇದು. ದ್ವೀಪ ಉಂಗುರದ ಹಾಗಿದೆ. ಬಂಡೆಗಳಲ್ಲಿ ಕೆಂಪು, ಕಪ್ಪು, ಬಿಳಿ ಪದರಗಳನ್ನು ನೀವೇ ನೋಡಿದ್ದೀರಿ. ಗೂಳಿಯ ಹುಚ್ಚು ಕ್ರೀಟ್‌ನವರಿಗೆ ಇತ್ತು. ಸಮುದ್ರದ ಮೇಲೆ ಬಾಳಿದ ಸಿರಿವಂತ ಊರು ಹಾಳಾದದ್ದೂ ನಿಜ. ಹಾಗಾಗಿ ಕ್ರೀಟ್ ಅಟ್ಲಾಂಟಿಸ್ ಇರಬಹುದು ಅಂತ 1909ರಲ್ಲೇ ಕೆ.ಟಿ. ಫ್ರಾಸ್ಟ್ ಎಂಬ ವಿದ್ವಾಂಸ ಬರೆದ. 1960ರ ದಶಕದಲ್ಲಿ ಗ್ರೀಸಿನ ಭೂಕಂಪ ತಜ್ಞ ಆಂಜೆಲೋಸ್ ಗಲಾನೊಪೌಲೋಸ್ ಸ್ಯಾಂಟೊರಿನಿಯನ್ನೇ ಅಟ್ಲಾಂಟಿಸ್ ಮಾಡಿದರು.

ಅವರ ಲೆಕ್ಕ ಮಜವಾಗಿದೆ. ಈಜಿಪ್ಟಿನ ಬರಹ ಓದುವಾಗ ಯಾರೋ ನೂರನ್ನು ಸಾವಿರ ಅಂತ ಓದಿದ್ದಾರೆ, ಹಾಗಾಗಿ ದೊಡ್ಡ ಸಂಖ್ಯೆಗಳನ್ನು ಹತ್ತರಿಂದ ಭಾಗಿಸಿ ಅಂದರು. 9,000 ಹೋಗಿ 900 ಆಯಿತು. ಸೋಲನ್‌ನ ಕಾಲದಿಂದ 900 ವರ್ಷ ಹಿಂದಕ್ಕೆ ಹೋದರೆ ಕ್ರಿ.ಪೂ. 1500ರ ಹತ್ತಿರ. ಆಗ ಸ್ಫೋಟದ ಕಾಲವೂ ಅಷ್ಟೇ ಅಂತ ಎಲ್ಲರೂ ಹೇಳುತ್ತಿದ್ದರು. ಸರಿಹೋಯಿತಲ್ಲ! ಆದರೆ ಈಜಿಪ್ಟಿನ ಬರಹದಲ್ಲಿ ನೂರಕ್ಕೆ ಸುತ್ತಿದ ಹಗ್ಗ, ಸಾವಿರಕ್ಕೆ ತಾವರೆ. ಎರಡಕ್ಕೂ ಹೋಲಿಕೆಯೇ ಇಲ್ಲ. ಅದೂ ಇರಲಿ. ಸ್ಯಾಂಟೊರಿನಿಯ ಬೂದಿಯಲ್ಲಿ ಹೂತ ಆಲಿವ್ ಮರದ ಕೊಂಬೆಯೊಂದು ಸಿಕ್ಕಿತು. ರೇಡಿಯೊ ಕಾರ್ಬನ್ ಪರೀಕ್ಷೆಯಲ್ಲಿ ಅದು ಕ್ರಿ.ಪೂ. 1627ರಿಂದ 1600ರ ನಡುವಿನದು ಅಂತ 2006ರಲ್ಲಿ ವರದಿ ಬಂತು. ಆಮೇಲೆ ಮರದ ಕಾಂಡದಲ್ಲಿ ವರ್ಷಕ್ಕೊಂದರಂತೆ ಮೂಡುವ ಬಳೆಗಳ ಹೊಸ ಲೆಕ್ಕ ಅದನ್ನು ಸ್ವಲ್ಪ ಈಚೆಗೆ, ಕ್ರಿ.ಪೂ. 16ನೇ ಶತಮಾನದ ಕಡೆಗೆ ತಳ್ಳಿದೆ. ಹೇಗೇ ನೋಡಿದರೂ 1500ಕ್ಕೆ ಸರಿಯಾಗಿ ಕೂರುವುದು ಕಷ್ಟ. ಭಾಗಿಸಿದವರ ಉತ್ತರ ಸರಿಯೇ ಇತ್ತು, ಪ್ರಶ್ನೆಯೇ ಬದಲಾಯಿತು. ಜಿಬ್ರಾಲ್ಟರನ್ನು ಹತ್ತರಿಂದ ಭಾಗಿಸಲು ಬರುವುದಿಲ್ಲವಲ್ಲ, ಅದಕ್ಕೆ ಹೆರಾಕ್ಲಿಸ್‌ನ ಕಂಬಗಳನ್ನೇ ಎತ್ತಿ ಗ್ರೀಸಿನ ದಕ್ಷಿಣ ತುದಿಗೆ ತಂದು ನಿಲ್ಲಿಸಿದರು. ಇಷ್ಟೆಲ್ಲ ರಿಪೇರಿ ಮಾಡಿದರೆ ಯಾವ ಊರು ಬೇಕಾದರೂ ಅಟ್ಲಾಂಟಿಸ್ ಆಗುತ್ತದೆ.

ಕ್ರೀಟ್ ಕೂಡ ಆ ದಿನವೇ ಮುಗಿದುಹೋಗಲಿಲ್ಲ. ಸುನಾಮಿ ಹೊಡೆದದ್ದು ನಿಜ, ಪೂರ್ವದ ಪಾಲೆಕಾಸ್ಟ್ರೊದಲ್ಲಿ ಅದರ ಗುರುತಿದೆ. ಆದರೆ ಬೂದಿಯ ಪದರದ ಮೇಲೆಯೇ ಜನ ಮತ್ತೆ ಮನೆ ಕಟ್ಟಿ, ಹೊಸ ಮಾದರಿಯ ಮಡಕೆ ಮಾಡಿ ಬಾಳಿದರು. ಅರಮನೆಗಳು ಸುಟ್ಟದ್ದು ಕ್ರಿ.ಪೂ. 1450ರ ಸುಮಾರಿಗೆ. ನೊಸೋಸ್ ಅರಮನೆ ಅದಕ್ಕೂ ಆಚೆ ಉಳಿಯಿತು. ಮರಿನಾಟೋಸ್ ಅವರ ಊಹೆ ಆಕ್ರೋಟಿರಿಯನ್ನು ನಮಗೆ ಕೊಟ್ಟಿತು, ಆದರೆ ಆ ಊಹೆ ಸ್ವತಃ ನಿಲ್ಲಲಿಲ್ಲ. ಸಂಶೋಧನೆಯಲ್ಲಿ ಇಂಥದ್ದು ಎಷ್ಟೋ ಸಲ ಆಗುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಆಕ್ಷೇಪ ನನ್ನದು ಬೇರೆ. ಸ್ಫೋಟ ಆದ ಮೇಲೆ ಆ ದ್ವೀಪಕ್ಕೆ ಬಂದು ನೆಲೆಸಿದ ಗ್ರೀಕರಿಗೇ ಅದರ ನೆನಪಿರಲಿಲ್ಲ! ಕ್ರಿ.ಪೂ. 5ನೇ ಶತಮಾನದ ಇತಿಹಾಸಕಾರ ಹೆರೊಡೋಟಸ್ ಥೀರಾದ ಕಥೆಯನ್ನು ಪುಟಗಟ್ಟಲೆ ಹೇಳುತ್ತಾನೆ. ಮೊದಲು ಅದಕ್ಕೆ ಕಲ್ಲಿಸ್ಟೆ ಅಂತ ಹೆಸರು, ಎಲ್ಲಕ್ಕಿಂತ ಚೆಂದದ್ದು ಅಂತ ಅರ್ಥ. ತಂಗಿ ಯುರೋಪಾಳನ್ನು ಹುಡುಕುತ್ತಾ ಬಂದ ಕ್ಯಾಡ್ಮಸ್ ತನ್ನ ಫಿನಿಷಿಯಾದ ಜನರನ್ನು ಅಲ್ಲಿ ಬಿಟ್ಟುಹೋದ. ಅವರು ಎಂಟು ತಲೆಮಾರು ಬಾಳಿದರು. ಆಮೇಲೆ ಸ್ಪಾರ್ಟಾದಿಂದ ಥೇರಾಸ್ ಬಂದ. ಅವನ ಹೆಸರೇ ದ್ವೀಪಕ್ಕೆ ನಿಂತಿತು. ಸ್ಯಾಂಟೊರಿನಿ ಅನ್ನೋದು ಬಹಳ ಈಚಿನದು, ಸಂತ ಐರೀನ್ ಹೆಸರಲ್ಲಿ ಇಟಲಿ ಕಡೆಯವರು ಇಟ್ಟದ್ದು.

ಮುಂದೆ ಏಳು ವರ್ಷ ಮಳೆ ಬರಲಿಲ್ಲ. ಒಂದೇ ಒಂದು ಮರ ಬಿಟ್ಟು ಎಲ್ಲಾ ಒಣಗಿತು. ಲಿಬಿಯಾಕ್ಕೆ ಹೋಗಿ ಊರು ಕಟ್ಟಿ ಅಂತ ಡೆಲ್ಫಿಯ ದೇವವಾಣಿ ಆಯಿತು. ಅಣ್ಣತಮ್ಮಂದಿರಿದ್ದ ಮನೆಯಿಂದ ಚೀಟಿ ಎತ್ತಿ ಒಬ್ಬೊಬ್ಬನನ್ನು ಕಳಿಸಿದರು. ನಾಯಕ ಬಾಟಸ್, ಮಾತು ತೊದಲುವವನು. ಎರಡು ಹಡಗು ಹೊರಟವು. ಸ್ವಲ್ಪ ದಿನಕ್ಕೆ ಧೈರ್ಯ ಸಾಲದೆ ವಾಪಸ್ ಬಂದರೆ ಊರಿನವರು ದಡ ಹತ್ತಲು ಬಿಡದೆ ಹೊಡೆದು ಅಟ್ಟಿದರು. ಹಾಗೆ ಅಟ್ಟಿಸಿಕೊಂಡವರೇ ಕ್ರಿ.ಪೂ. 630ರ ಸುಮಾರಿಗೆ ಲಿಬಿಯಾದಲ್ಲಿ ಸೈರೀನ್ ನಗರ ಕಟ್ಟಿದರು. ಸೈರೀನ್‌ನಲ್ಲಿ ಸಿಕ್ಕ ಶಾಸನವೊಂದರಲ್ಲಿ ಅವರ ಆಣೆಯ ವಿವರ ಇದೆ. ಮೇಣದ ಗೊಂಬೆ ಮಾಡಿ ಸುಟ್ಟು, ಮಾತಿಗೆ ತಪ್ಪಿದವನು ಹೀಗೇ ಕರಗಿಹೋಗಲಿ ಅಂದರಂತೆ.

ನೋಡಿ, ಮೇಣದ ಗೊಂಬೆ ನೆನಪಿದೆ, ಒಣಗದ ಒಂದು ಮರ ನೆನಪಿದೆ, ಬಾಟಸ್ ತೊದಲುತ್ತಿದ್ದ ಅನ್ನೋದೂ ನೆನಪಿದೆ. ಬೆಟ್ಟ ಸಿಡಿದ ಸುದ್ದಿಯೇ ಇಲ್ಲ. 60 ಮೀಟರ್ ಬೂದಿಯ ಮೇಲೆ ದ್ರಾಕ್ಷಿ ಬೆಳೆದವರಿಗೆ ಕಾಲ ಕೆಳಗೆ ಏನಿದೆ ಅಂತ ಗೊತ್ತಿರಲಿಲ್ಲ. ಅಲ್ಲೇ ಇದ್ದವರು ಮರೆತದ್ದನ್ನು ಈಜಿಪ್ಟಿನ ಪೂಜಾರಿ ನೆನಪಿಟ್ಟುಕೊಂಡು, ಸೋಲನ್‌ಗೆ ಹೇಳಿ, ಇನ್ನೂರು ವರ್ಷ ಯಾರೂ ಬಾಯಿ ಬಿಡದೆ ಪ್ಲೇಟೊವಿನ ಕಿವಿಗೆ ಮಾತ್ರ ಬಿತ್ತು ಅಂದರೆ ಹೇಗೆ ನಂಬೋದು?

ಪ್ಲೇಟೊಗೆ ಮುಳುಗುವ ಊರು ಬೇಕಿದ್ದರೆ ಸಾವಿರ ವರ್ಷ ಹಿಂದೆ ಹೋಗಬೇಕಾಗಿರಲಿಲ್ಲ. ಕ್ರಿ.ಪೂ. 373ರಲ್ಲಿ, ಅವನಿಗೆ ಐವತ್ತು ದಾಟಿದ್ದಾಗ, ಗ್ರೀಸಿನ ಹೆಲಿಕೆ ಎಂಬ ಊರು ಒಂದೇ ರಾತ್ರಿ ಭೂಕಂಪಕ್ಕೆ ಕುಸಿದು ನೀರಿನಡಿ ಹೋಯಿತು. ಸೊಕ್ಕಿದ ಸಮುದ್ರ ಸಾಮ್ರಾಜ್ಯ ಬೇಕಿದ್ದರೆ ಅವನ ಅಥೆನ್ಸೇ ಇತ್ತು, ಸ್ಪಾರ್ಟಾಕ್ಕೆ ಸೋತು ಕೂತಿತ್ತು. ಅವನು ಬರೆದದ್ದು ತನ್ನ ಊರಿನವರಿಗೆ ಬುದ್ಧಿ ಹೇಳುವ ಕಥೆ. ಅದನ್ನೂ ‘ಕ್ರಿಟಿಯಾಸ್’ನಲ್ಲಿ ಒಂದು ವಾಕ್ಯದ ನಡುವೆಯೇ ಬಿಟ್ಟುಬಿಟ್ಟ.

ಹಾಗಾದರೆ ಗ್ರೀಕರ ಪುರಾಣದಲ್ಲಿ ಈ ಸ್ಫೋಟದ ಹೊಗೆಯೂ ಉಳಿದಿಲ್ಲವೇ? ಉಳಿದಿದ್ದರೆ ಅದು ಅರ್ಗೊ ಹಡಗಿನ ಕಥೆಯಲ್ಲಿ ಅಂತ ನನ್ನ ಅಂದಾಜು. ಕ್ರಿ.ಪೂ. 3ನೇ ಶತಮಾನದ ಕವಿ ಅಪೊಲೋನಿಯಸ್ ಹೇಳುವ ಪ್ರಕಾರ, ಬಂಗಾರದ ತುಪ್ಪಳ ತರಲು ಹೋದವರು ವಾಪಸ್ ಬರುವಾಗ ಕ್ರೀಟ್ ಹತ್ತಿರ ಟಾಲೋಸ್ ಎಂಬ ಕಂಚಿನ ದೈತ್ಯ ಹಡಗಿನ ಮೇಲೆ ಬಂಡೆ ಎಸೆಯಲು ನಿಂತ. ಅವನ ಮೈಯಲ್ಲಿ ಒಂದೇ ನರ, ಹಿಮ್ಮಡಿಯ ಹತ್ತಿರ ಅದು ಒಡೆದು ಕರಗಿದ ಸೀಸದಂಥ ರಕ್ತ ಸುರಿಯಿತು. ಅಲ್ಲಿಂದ ಉತ್ತರಕ್ಕೆ ಬಂದರೆ ಚುಕ್ಕಿಯಿಲ್ಲದ, ಚಂದ್ರನಿಲ್ಲದ ಗವ್ವೆನ್ನುವ ಕತ್ತಲು. ಅಪೊಲೊ ದೇವರು ಬೆಳಕು ತೋರಿದಾಗ ಅನಾಫಿ ದ್ವೀಪ ಕಂಡಿತು. ಅದು ಸ್ಯಾಂಟೊರಿನಿಯ ಪಕ್ಕದ್ದೇ. ಆಮೇಲೆ ಯೂಫೆಮಸ್ ಎಂಬವನಿಗೆ ಕನಸು ಬಿತ್ತು. ದೇವರು ಕೊಟ್ಟ ಮಣ್ಣಿನ ಹೆಂಟೆಯನ್ನು ಎದೆಗವಚಿಕೊಂಡಿದ್ದಾನೆ, ಅದು ಹಾಲು ಕುಡಿದು ಹೆಣ್ಣಾಗಿ ಬೆಳೆಯಿತು. ಎದ್ದು ಆ ಹೆಂಟೆಯನ್ನು ಸಮುದ್ರಕ್ಕೆ ಎಸೆದ. ಅದೇ ಕಲ್ಲಿಸ್ಟೆ ದ್ವೀಪವಾಗಿ ಎದ್ದಿತು.

ಹಾರುವ ಬಂಡೆ, ಕರಗಿದ ಲೋಹ, ಗವ್ವೆನ್ನುವ ಕತ್ತಲು, ನೀರಿನಿಂದ ಏಳುವ ನೆಲ, ಒಂದರ ಹಿಂದೆ ಒಂದು, ಅದೂ ಅದೇ ನೀರಿನಲ್ಲಿ. ಸ್ಫೋಟಕ್ಕೂ ಈ ಕವಿಗೂ ನಡುವೆ 1,300 ವರ್ಷ ಇದೆ. ಆದರೂ ಅಟ್ಲಾಂಟಿಸ್‌ಗಿಂತ ಇದು ನನಗೆ ಹತ್ತಿರದ ನೆಂಟ ಅನ್ನಿಸುತ್ತದೆ. ಬೈಬಲಿನ ಮೋಸೆಸ್, ಇಬ್ಭಾಗವಾದ ಕೆಂಪು ಸಮುದ್ರದ ಕಥೆಗೂ ಇದನ್ನೇ ಗಂಟು ಹಾಕುವವರಿದ್ದಾರೆ. ಅದು ಬಹಳ ಎಳೆದದ್ದು, ಬಿಟ್ಟುಬಿಡೋಣ.

ನೆಲ ಏಳುವುದನ್ನು ಕಣ್ಣಾರೆ ಕಂಡವರೂ ಇದ್ದರು. ಕ್ರಿ.ಪೂ. 197ರಲ್ಲಿ ನಾಲ್ಕು ದಿನ ಸಮುದ್ರವೇ ಹೊತ್ತಿ ಉರಿದು ನಡುವೆ ಒಂದು ದ್ವೀಪ ಎದ್ದಿತು ಅಂತ ಹಳೇ ಕಾಲದ ಭೂಗೋಳಕಾರ ಸ್ಟ್ರಾಬೊ ಬರೆಯುತ್ತಾನೆ. ರೋಡ್ಸ್‌ನ ನಾವಿಕರು ಮೊದಲು ಅದರ ಮೇಲೆ ಇಳಿದು ಸಮುದ್ರದ ದೇವರು ಪೊಸೈಡನ್‌ಗೆ ಗುಡಿ ಕಟ್ಟಿದರು. ಕ್ರಿ.ಶ. 726ರಲ್ಲಿ ಮತ್ತೆ ಸಿಡಿದಾಗ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ 3ನೇ ಲಿಯೊ ಅದನ್ನು ದೇವರ ಕೋಪ ಅಂದುಕೊಂಡ. ಜನ ಪಟಗಳನ್ನು ಪೂಜಿಸುತ್ತಾರೆ, ಅದಕ್ಕೇ ಈ ಕೋಪ ಅಂತ ಅವನ ತೀರ್ಮಾನ. ಅಲ್ಲಿಂದ ಪಟ ಒಡೆಯುವ ಜಗಳ ನೂರಕ್ಕೂ ಜಾಸ್ತಿ ವರ್ಷ ನಡೆಯಿತು. 1650ರಲ್ಲಿ ದ್ವೀಪದ ಈಶಾನ್ಯಕ್ಕೆ ನೀರಿನಡಿಯ ಕೊಲುಂಬೊ ಸಿಡಿದು ವಿಷಗಾಳಿಗೆ ಸುಮಾರು 70 ಜನ ಸತ್ತರು. ಕೊನೇ ಸ್ಫೋಟ 1950ರದ್ದು. 2025ರ ಜನವರಿ, ಫೆಬ್ರುವರಿಯಲ್ಲಿ ಸಾವಿರಾರು ಸಣ್ಣ ಭೂಕಂಪಗಳಾಗಿ ಜನ ಹಡಗು, ವಿಮಾನ ಹತ್ತಿ ಊರು ಬಿಟ್ಟದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರಬೇಕು.

ದೆವ್ವದ ವಿಷಯ ಎರಡು ಮಾತಲ್ಲಿ ಹೇಳುತ್ತೇನೆ. ಗ್ರೀಕರಲ್ಲಿ ಹೂತ ಕೆಲವು ವರ್ಷಕ್ಕೆ ಗೋರಿ ತೆರೆದು ಎಲುಬು ತೆಗೆದಿಡುವ ಪದ್ಧತಿ ಇದೆ. ಹೆಣ ಕೊಳೆಯದೆ ಹಾಗೇ ಇದ್ದರೆ ಅದು ವ್ರಿಕೊಲಾಕಾಸ್, ರಾತ್ರಿ ಎದ್ದು ಓಡಾಡುವ ಪ್ರೇತ. ಸ್ಯಾಂಟೊರಿನಿಯ ಒಣ ಬೂದಿಮಣ್ಣಿನಲ್ಲಿ ಹೆಣ ಬೇಗ ಕೊಳೆಯುವುದಿಲ್ಲ ಅಂತ ಕಾರಣ ಹೇಳುತ್ತಾರೆ. ಹಾಗಾಗಿ ‘ಸ್ಯಾಂಟೊರಿನಿಗೆ ಪ್ರೇತ ಕಳಿಸಿದ ಹಾಗೆ’ ಅನ್ನುವ ಮಾತು ಹುಟ್ಟಿತು. ಸಮುದ್ರಕ್ಕೆ ನೀರು ಹೊತ್ತ ಹಾಗೆ ಅಂತ ನಾವು ಅನ್ನುತ್ತೇವಲ್ಲ, ಅದೇ. ನಿಮ್ಮ ಹೋಟೆಲಿನವನು ಅದನ್ನು ಪ್ರವಾಸಿಗರಿಗೆ ಮಾರುತ್ತಿದ್ದಾನೆ.

ಮುಂದಿನ ಸಲ ಹೋದಾಗ ಬೆಳಿಗ್ಗೆಯೇ ಆಕ್ರೋಟಿರಿಗೆ ಹೋಗಿ, ಬಿಸಿಲು ಏರಿದ ಮೇಲೆ ಜನ ಜಾಸ್ತಿ. ಮಧ್ಯಾಹ್ನ ಊಟಕ್ಕೆ ‘ಫಾವಾ’ ಕೇಳಿ. ಹಳದಿ ಬೇಳೆಯನ್ನು ಬೇಯಿಸಿ ಕಡೆದು ಈರುಳ್ಳಿ, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ, ಒಗ್ಗರಣೆ ಇಲ್ಲದ ತೊವ್ವೆ ಅಂದುಕೊಳ್ಳಿ. ಆ ಕಾಳು ನಮ್ಮ ಕೇಸರಿ ಬೇಳೆಯ ಕುಲದ್ದು, ಆಕ್ರೋಟಿರಿಯ ಮನೆಗಳಲ್ಲೂ ಅದೇ ಸಿಕ್ಕಿದೆ. ಆಮೇಲೆ ಫಿರಾ ಊರಿನ ಮ್ಯೂಸಿಯಮ್‌ಗೆ ಹೋಗಿ. ಬಂಗಾರದ ಕಾಡುಮೇಕೆ, ನೀಲಿ ಕೋತಿಗಳು ಎರಡೂ ಅಲ್ಲೇ ಇವೆ. ಹೊರಡುವ ಮುಂಚೆ ಊರಿನ ಮುಶ್ಯಾನ ಬಾಲ ಒಂದು ಸಲ ಸರಿಯಾಗಿ ನೋಡಿಕೊಂಡು ಹೋಗಿ. ಗೋಡೆಯ ಮೇಲಿರುವುದು ಅದೇ ಹೌದೋ ಅಲ್ಲವೋ, ಬರೆದು ತಿಳಿಸಿ.